ನಾನೂರ ಒಂದೂವರೆಯ ನಿಶ್ಶಬ್ದ

ಗೆರೆ ತೀರಾ ನೆಟ್ಟಗಿತ್ತು.

ಈ ಮಾತನ್ನು ಶುಕ್ರವಾರ ಡೈರಿಯಲ್ಲಿ ಬರೆದೆ. ಓದಿ ನೋಡಿದರೆ ಅದು ನನ್ನನ್ನೇ ದುರುಗುಟ್ಟಿ ನೋಡುವಂತಿತ್ತು. ಮೇಲೊಂದು ಗೀಟು ಹಾಕಿ, ಪಕ್ಕದಲ್ಲಿ 'ಏನಿಲ್ಲ, ಸುಮ್ಮನೆ' ಎಂದು ಸೇರಿಸಿದೆ. ಯಾರೂ ಓದದ ಪುಸ್ತಕದಲ್ಲಿ ನಾನು ಯಾರಿಗೆ ಸಮಜಾಯಿಷಿ ಕೊಡುತ್ತೇನೋ ನನಗೇ ತಿಳಿಯದು.

ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಮಹಡಿಗಳಲ್ಲಿ ನಮ್ಮ ಕಂಪನಿ. ಕೆಳಗೆ ಜನ ಗೋಡೆಯ ಮೇಲಿನ ಸಣ್ಣ ಅಕ್ಷರ ಓದಲು ತಿಣುಕಾಡುತ್ತಿರುವಾಗ, ಮೇಲೆ ನಾವು ಒಂಬತ್ತು ಮಂದಿ ಆಕಾಶದಿಂದ ಕೆರೆಗಳನ್ನು ನೋಡುವ ಯಂತ್ರ ಕಟ್ಟುತ್ತಿರುತ್ತೇವೆ. ಎರಡು ಚಪ್ಪಲಿ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಷ್ಟೇ ಗಾತ್ರದ ಸ್ಯಾಟಲೈಟ್. ಯಾವ ಕೆರೆಯಲ್ಲಿ ಎಷ್ಟು ಕಳೆ ಹಬ್ಬಿದೆ ಎಂದು ಫೋಟೋ ತೆಗೆದು ಕಳಿಸುವುದು ಅದರ ಕೆಲಸ.

ಅದು ನಮ್ಮೊಡನೆ ಮಾತಾಡಬೇಕಾದರೆ ರೇಡಿಯೋ ಅಲೆಗಳಲ್ಲಿ ಒಂದು ಜಾಗ ಬೇಕು. ಜಾಗವೆಂದರೆ ಫ್ರೀಕ್ವೆನ್ಸಿ. ಇಷ್ಟ ಬಂದಲ್ಲಿ ಹೋಗಿ ಕೂರುವಂತಿಲ್ಲ; ವಿಮಾನಕ್ಕೆ ಇಲ್ಲಿ, ಹಡಗಿಗೆ ಅಲ್ಲಿ, ಸ್ಯಾಟಲೈಟಿಗೆ ಇಷ್ಟು ಎಂದು ಲೋಕವೆಲ್ಲ ಸೇರಿ ಮೊದಲೇ ಪಾಲು ಹಾಕಿಕೊಂಡಿದೆ. ನಮಗೆ ಸಲ್ಲುವ ಪಾಲಿನೊಳಗೆ ಒಂದು ಮೂಲೆ ಆರಿಸಿ ಅರ್ಜಿ ಹಾಕಬೇಕು. ಫೋಟೋ ಇಳಿಯಬೇಕಾದ ಜಾಗ, ನಾವು ಅದಕ್ಕೆ ಅಪ್ಪಣೆ ಕೊಡುವ ಜಾಗ ಎರಡೂ ಆಗಲೇ ತೀರ್ಮಾನವಾಗಿದ್ದವು. ಉಳಿದದ್ದು ಕ್ಷೇಮ ಸಮಾಚಾರದ ಜಾಗ. ಬ್ಯಾಟರಿ ಎಷ್ಟಿದೆ, ಮೈ ಎಷ್ಟು ಬಿಸಿಯಾಗಿದೆ, ಎತ್ತ ತಿರುಗಿದ್ದೇನೆ ಎಂದು ಸ್ಯಾಟಲೈಟ್ ಒಂದೇ ಸಮನೆ ವರದಿ ಒಪ್ಪಿಸುತ್ತಿರುತ್ತದಲ್ಲ, ಅದು. ಅದು ಕೇಳಿಸದಿದ್ದರೆ ಮಿಕ್ಕಿದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಅದಕ್ಕೆ ಎರಡು ಜಾಗ ನೋಡಿದ್ದೆವು. ಕೆಳಗಿನದು ನಾನೂರರ ಮೇಲೆ ಅರ್ಧ ಮೆಗಾಹರ್ಟ್ಸ್, ಮೇಲಿನದು ನಾನೂರ ಒಂದೂವರೆ. ಎರಡರಲ್ಲಿ ಎಲ್ಲಿ ಗದ್ದಲ ಕಡಿಮೆ ಎಂದು ತಾರಸಿಯ ಮೇಲಿನ ಆಂಟೆನಾದಿಂದ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದಕ್ಕೂ ನಾಲ್ಕು ನಾಲ್ಕು ದಿನ. ಸದ್ದು ಇದ್ದಲ್ಲಿ ಗ್ರಾಫಿನ ಗೆರೆ ಮೇಲೇಳುತ್ತದೆ. ಕೆಳಗಿನ ಜಾಗದ ಗೆರೆ ಮಕ್ಕಳು ಬಿಡಿಸಿದ ಬೆಟ್ಟದ ಚಿತ್ರದಂತೆ ಎದ್ದು ಬಿದ್ದು ಹೋಗಿತ್ತು. ಮೇಲಿನ ಜಾಗದ್ದು ಸ್ಕೇಲಿಟ್ಟು ಎಳೆದ ಹಾಗಿತ್ತು.

ಶುಕ್ರವಾರ ಮಧ್ಯಾಹ್ನ ಅದನ್ನು ಗೋಡೆಯ ಮೇಲೆ ತೋರಿಸಿದಾಗ ದೊಡ್ಡವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡವರೆಂದರೆ ಕಂಪನಿ ಕಟ್ಟಿದವರು. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾರೆ.

"ನೋಡಿ, ನೋಡಿ! ಇಡೀ ಆಕಾಶದಲ್ಲಿ ಇಷ್ಟು ಸದ್ದಿಲ್ಲದ ಜಾಗ ಹುಡುಕೋಕೆ ನಮ್ಮ ಪಿಸುನೇ ಬೇಕಾಯ್ತು!"

ಪಿಸು ಎಂದರೆ ನಾನು. ಸೇರಿದ ಮೊದಲ ದಿನ ನಾನು ಹೆಸರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲವಂತೆ.

"ಇವಳು ಬಂದು ಕೂತಿದ್ದು ನೋಡಿ ಫ್ರೀಕ್ವೆನ್ಸಿನೇ ನಾಚ್ಕೊಂಡು ಸುಮ್ನಾಗಿರ್ಬೇಕು ಬಿಡಿ" ಎಂದಳು ರೇಡಿಯೋ ಅಕ್ಕ. ಸ್ಯಾಟಲೈಟಿನ ರೇಡಿಯೋ ಪೂರ್ತಿ ಅವಳದೇ ಜವಾಬ್ದಾರಿ. ಮಾತು ಒರಟು, ನನಗೆ ಬೆಸುಗೆ ಹಾಕಲು ಕಲಿಸಿದವಳು ಅವಳೇ.

ಅರ್ಜಿ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಗೆರೆಯನ್ನು ಹತ್ತಿರದಿಂದ ನೋಡಿದರು. ಇಂಥ ಅರ್ಜಿಗಳು ಹೋಗಿ ಬೀಳುವ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಬೇರೆಯವರ ಅರ್ಜಿಗಳನ್ನು ವಾಪಸು ಕಳಿಸಿದವರು, ನಿವೃತ್ತರಾದ ಮೇಲೆ ನಮ್ಮದನ್ನು ಬರೆದುಕೊಡುತ್ತಿದ್ದಾರೆ. "ಬಹಳ ಮರ್ಯಾದಸ್ಥ ಗೆರೆ" ಎಂದರು.

"ಹಾಗಾದ್ರೆ ನಾನೂರ ಒಂದೂವರೆ ಗಟ್ಟಿ" ಎಂದರು ದೊಡ್ಡವರು. "ಗುರುವಾರ ಸಹಿ. ಅವತ್ತೇ ರೇಡಿಯೋ ಮಾಡಿಕೊಡೋ ಕಾರ್ಖಾನೆಗೂ ಒಂದು ಪ್ರತಿ. ಆಮೇಲೆ ಜಾಗ ಬದಲಾಯಿಸ್ತೀನಿ ಅಂದ್ರೆ ಆ ದೇವರೂ ಕೇಳಲ್ಲ. ಮತ್ತೆ ಪಿಸು, ಮುಂದಿನ ತಿಂಗಳಿಂದ ನಿನ್ನ ಕೆಲಸ ಖಾಯಂ. ಸಂತೋಷ ಆಯ್ತಾ? ಆಯ್ತು ಅಂದ್ಲಾ? ಯಾರಿಗಾದ್ರೂ ಕೇಳಿಸ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜಕ್ಕೂ ಸಂತೋಷವಾಗಿತ್ತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಕೆಲಸ ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಕಂಡಿತ್ತು. ಅದಕ್ಕೇ ಗೆರೆ ತೀರಾ ನೆಟ್ಟಗಿದೆ ಎಂಬುದು ಡೈರಿಯಲ್ಲೇ ಉಳಿಯಿತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಮಾವ ಬಂದ. ಅಮ್ಮನ ತಮ್ಮ. ಊರಿನ ಆಚೆಯ ದಿಬ್ಬದ ಮೇಲಿನ ಹವಾಮಾನ ಕಚೇರಿಯಲ್ಲಿ ಅವನ ಕೆಲಸ. ದಿನಕ್ಕೆರಡು ಸಲ, ಬೆಳಗ್ಗೆ ಒಂದು ಸಂಜೆ ಒಂದು, ಆಳೆತ್ತರದ ಬಲೂನಿಗೆ ಪುಟ್ಟ ಡಬ್ಬಿ ಕಟ್ಟಿ ಆಕಾಶಕ್ಕೆ ಬಿಡುತ್ತಾನೆ. ಅದು ಮೇಲೇರುತ್ತಾ ಗಾಳಿಯ ಬಿಸಿ, ತೇವ, ಒತ್ತಡವನ್ನೆಲ್ಲ ಕೆಳಗೆ ಹೇಳುತ್ತಾ ಹೋಗಿ ಸುಮಾರು ಎರಡು ತಾಸಿನಲ್ಲಿ ಎಲ್ಲೋ ಒಡೆದು ಬೀಳುತ್ತದೆ. ನೆಂಟರಲ್ಲಿ ಅವನಿಗೆ ಬಲೂನ್ ಮಾವ ಎಂದೇ ಹೆಸರು.

"ಏನ್ ಪುಟ್ಟಿ, ಕೆಲಸ ಖಾಯಂ ಅಂತೆ? ಸಿಹಿ ಎಲ್ಲಿ?"

"ಅವಳನ್ನೇನು ಕೇಳ್ತೀಯೋ?" ಅಮ್ಮ ಅಡುಗೆಮನೆಯಿಂದ ಕೂಗಿದಳು. "ನನಗೇ ಗೊತ್ತಾಗಿದ್ದು ಅವಳು ಎರಡನೇ ಸಲ ಅನ್ನ ಹಾಕಿಸ್ಕೊಂಡಾಗ. ಹುಟ್ಟಿದಾಗ್ಲೂ ಅಷ್ಟೇ. ಒಂದೇ ಸಲ ಅತ್ತಳು, ಅದೂ ಅಳ್ಲಾ ಬೇಡ್ವಾ ಅಂತ ಕೇಳಿದ ಹಾಗೆ."

"ಇರ್ಲಿ ಬಿಡಕ್ಕ. ಬಾಯಿ ನಮ್ಮ ಮನೇಲಿ ನಿನಗೊಬ್ಬಳಿಗೇ ಸಾಕು."

"ಸೌಟು ತರ್ಲಾ?"

ಮಾವ ಪೀಠಿಕೆಯಿಲ್ಲದೆ ತನ್ನ ಬಲೂನಿನ ಪ್ರತಾಪಕ್ಕಿಳಿದ. ಮೊನ್ನೆಯದು ಮೂವತ್ತೆರಡು ಕಿಲೋಮೀಟರ್ ಏರಿತಂತೆ. ಅದರ ಧ್ವನಿ ನೂರಾರು ಕಿಲೋಮೀಟರ್ ಆಚೆಗೂ ಗಂಟೆ ಹೊಡೆದ ಹಾಗೆ ಕೇಳಿಸುತ್ತದಂತೆ. "ನಿಮ್ಮ ಸ್ಯಾಟಲೈಟಿಗೆ ಎಲ್ಲಿ ಮನೆ ಮಾಡ್ತಿದೀರಿ? ನಮ್ಮ ಬೀದಿ ಕಡೆ ಬರ್ಬೇಡಿ ಮತ್ತೆ. ನಾವು ಹತ್ತು ವರ್ಷದಿಂದ ನಾನೂರ ಒಂದೂವರೆ."

ನನ್ನ ಕೈಯ ತುತ್ತು ಅರ್ಧದಲ್ಲೇ ನಿಂತಿತು.

"ಕಳೆದ ವಾರ..." ಎಂದೆ. ತುತ್ತನ್ನು ತಟ್ಟೆಗಿಳಿಸಿ, "ಕಳೆದ ವಾರ ಬಲೂನು ಬಿಟ್ಟಿದ್ರಾ ಮಾವ?"

"ಇದೊಳ್ಳೆ ಪ್ರಶ್ನೆ! ನನ್ನ ಮದುವೆ ದಿನಾನೇ ಬೆಳಗಿಂದು ಬಿಟ್ಟು ಬಂದೋನು ನಾನು. ನಿಮ್ಮತ್ತೆ ಇವತ್ತಿಗೂ ಆಡ್ಕೋತಾಳೆ. ಯಾಕೆ?"

"ಏನಿಲ್ಲ, ಸುಮ್ಮನೆ."

ನಾಲ್ಕು ದಿನಕ್ಕೆ ಎಂಟು ಬಲೂನು. ದಿಬ್ಬದಿಂದ ನಮ್ಮ ತಾರಸಿಗೆ ಹೆಚ್ಚೆಂದರೆ ಆರು ಕಿಲೋಮೀಟರ್. ನನ್ನ ಗೆರೆಯಲ್ಲಿ ಎಂಟು ಬೆಟ್ಟ ಏಳಬೇಕಿತ್ತು. ಒಂದು ಹುತ್ತವೂ ಎದ್ದಿರಲಿಲ್ಲ. ಅನ್ನ ಆರಿತು. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ತಾರಸಿ ಹತ್ತಿದೆ. ಮೆಟ್ಟಿಲ ತುದಿಯ ಸಣ್ಣ ಕೋಣೆಯಲ್ಲಿ ರಿಸೀವರ್ ಇರುತ್ತದೆ. ಬಾಗಿಲಿಗೆ ರೇಡಿಯೋ ಅಕ್ಕನ ದಪ್ಪ ಅಕ್ಷರದ ಚೀಟಿ: 'ಗುಡುಗಿದರೆ ಕೇಬಲ್ ಬಿಚ್ಚಿ, ಮುಚ್ಚಳ ಹಾಕಿ.' ಸಿಡಿಲಿನ ಭಯಕ್ಕೆ ಮಾಡಿದ ನಿಯಮ.

ಆಂಟೆನಾದ ಕೇಬಲ್ ಮೊಳೆಗೆ ನೇತುಬಿದ್ದಿತ್ತು. ಸುರುಳಿ ಸುತ್ತಿ ಅಚ್ಚುಕಟ್ಟಾಗಿ ಕಟ್ಟಿತ್ತು, ನನ್ನದೇ ಕಟ್ಟು. ರಿಸೀವರಿನ ಬಾಯಿಗೆ ಬೆರಳ ತುದಿಯಷ್ಟು ದೊಡ್ಡ ಹಳದಿ ಮುಚ್ಚಳ.

ಎಲ್ಲ ನೆನಪಾಯಿತು. ಹಿಂದಿನ ಸೋಮವಾರ ಕೆಳಗಿನ ಜಾಗದ ನಾಲ್ಕು ದಿನ ಮುಗಿದು, ಮೇಲಿನ ಜಾಗಕ್ಕೆ ರಿಸೀವರ್ ತಿರುಗಿಸಲು ಹತ್ತಿದ್ದೆ. ತಿರುಗಿಸಿದ ಕೂಡಲೇ ಗುಡುಗಿತು. ಚೀಟಿ ಓದಿದೆ. ಬಿಚ್ಚು ಎಂದಿತ್ತು, ಬಿಚ್ಚಿದೆ. ಮುಚ್ಚಳ ಹಾಕು ಎಂದಿತ್ತು, ಹಾಕಿದೆ. ಮತ್ತೆ ಜೋಡಿಸು ಎಂದು ಚೀಟಿಯಲ್ಲಿ ಇರಲಿಲ್ಲ. ಬೇರೆ ಯಾರೇ ಆಗಿದ್ದರೂ ಅಷ್ಟು ತಮ್ಮ ತಲೆಯಿಂದ ಸೇರಿಸಿಕೊಳ್ಳುತ್ತಿದ್ದರು. ನಾನೋ, ಬರೆದದ್ದನ್ನು ನಂಬುವವಳು. ಕೆಳಗಿಳಿದು ನಾಲ್ಕು ದಿನ ಕಿವಿಗೆ ಹತ್ತಿ ಇಟ್ಟ ಯಂತ್ರದಿಂದ ಲೆಕ್ಕ ತೆಗೆದೆ. ನಾನು ಅಳೆದದ್ದು ಆಕಾಶವನ್ನಲ್ಲ, ಮುಚ್ಚಳವನ್ನು. ಮರ್ಯಾದಸ್ಥ ಗೆರೆ!

ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡು ಕೇಬಲ್ ಜೋಡಿಸಿದೆ. ಸಂಜೆ ಎಲ್ಲರೂ ಹೊರಟ ಮೇಲೆ ಮತ್ತೆ ಹತ್ತಿ ರಿಸೀವರಿನ ಮುಂದೆ ಕೂತೆ. ಬಿಸಿಲು ಇನ್ನೂ ಇತ್ತು. ಹೊತ್ತಿಗೆ ಸರಿಯಾಗಿ ದಿಬ್ಬದ ಕಡೆಯಿಂದ ಬಿಳಿ ಚುಕ್ಕಿಯೊಂದು ಮೇಲೆದ್ದಿತು. ಮರುಕ್ಷಣವೇ ನೆಟ್ಟಗಿನ ಗೆರೆ ಗಾಬರಿಬಿದ್ದವರ ಹುಬ್ಬಿನಂತೆ ಮೇಲೇರಿತು. ಸ್ಪೀಕರಿನಲ್ಲಿ ಕಿರ್‌ರ್ ಕಿರ್‌ರ್ ಎಂದು ನಿಲ್ಲದ ಹರಟೆ. ಥೇಟ್ ಮಾವನೇ. ಎದುರಿನವರು ಉಸಿರಾಡಲೂ ಬಿಡದ ಮಾತು.

ನಮ್ಮ ಸ್ಯಾಟಲೈಟಿನ ಧ್ವನಿ ಒಂದೇ ಒಂದು ವಾಟ್, ಟಾರ್ಚಿನ ಬಲ್ಬಿನಷ್ಟು. ಅದೂ ಐನೂರು ಕಿಲೋಮೀಟರ್ ಮೇಲಿಂದ. ನಮ್ಮ ತಲೆಯ ಮೇಲೆ ಹಾಯುವುದು ದಿನಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಹತ್ತು ನಿಮಿಷ. ನಾಲ್ಕರಲ್ಲಿ ಎರಡು ಬಲೂನಿನ ಹೊತ್ತು. ಬ್ಯಾಟರಿ ಇಳಿಯುತ್ತಿದೆ, ಬ್ಯಾಟರಿ ಇಳಿಯುತ್ತಿದೆ ಎಂದು ಅದು ಹೇಳುತ್ತಲೇ ಹಾದುಹೋಗುತ್ತದೆ. ಕೆಳಗೆ ಕೂತ ನಾವು, ಇದು ಮಾತೇ ಆಡುವುದಿಲ್ಲವಲ್ಲ, ಎನ್ನುತ್ತೇವೆ.

ಹೇಳಬೇಕು ಎಂದು ಡೈರಿಯಲ್ಲಿ ಬರೆದೆ. ಇದಕ್ಕೆ ಗೀಟು ಹಾಕಲಿಲ್ಲ. ಆದರೆ ಬರೆಯುವುದು ನನಗೆ ಎಂದೂ ಕಷ್ಟವಾಗಿಲ್ಲ. ಆದ್ದರಿಂದ ಮಂಗಳವಾರವೂ ಬರೆಯುವ ದಾರಿಯನ್ನೇ ಹಿಡಿದೆ. ಅರ್ಜಿಯ ಏಳನೇ ಅನುಬಂಧದಲ್ಲಿ ಅಳತೆಯ ವಿವರ ನಾನೇ ಬರೆಯಬೇಕಿತ್ತು. ಅದರ ಕೊನೆಗೆ ಬೆವರು ಸುರಿಸಿ ಒಂದು ವಾಕ್ಯ ಸೇರಿಸಿದೆ: 'ಮೇಲಿನ ಜಾಗದ ಅಳತೆಯ ಅವಧಿಯಲ್ಲಿ ಆಂಟೆನಾ ಸಂಪರ್ಕದ ಸ್ಥಿತಿಗತಿಯ ಕುರಿತು ಪುನಃ ಪರಿಶೀಲನೆ ಅಪೇಕ್ಷಣೀಯವೆಂದು ಅಭಿಪ್ರಾಯಪಡಲಾಗಿದೆ.'

ಓದಿದವರು ಎದ್ದು ಬಂದು ಕೇಳುತ್ತಾರೆ, ನಾನು ತಲೆ ಆಡಿಸಿದರೆ ಸಾಕು ಎಂದುಕೊಂಡಿದ್ದೆ.

ಅರ್ಜಿ ಮೇಷ್ಟ್ರು ಓದಿದರು. ಎದ್ದೂ ಬಂದರು. ಅವರ ಕಣ್ಣಲ್ಲಿ ನೀರಿತ್ತು.

"ಏನಮ್ಮಾ ಇದು! 'ಅಭಿಪ್ರಾಯಪಡಲಾಗಿದೆ!' ಯಾರು ಪಟ್ಟರು, ಯಾಕೆ ಪಟ್ಟರು, ಒಂದೂ ಗೊತ್ತಾಗಲ್ಲ. ಅರ್ಜಿ ಭಾಷೆ ಅಂದ್ರೆ ಇದು. ಈಗಿನ ಮಕ್ಕಳಿಗೆ ಇದು ಬರಲ್ಲ ಅಂತ ನಾನು ಕೊರಗ್ತಿದ್ದೆ."

"ಮೇಷ್ಟ್ರೇ, ಅದರ ಅರ್ಥ..."

"ಅರ್ಥ ಬಿಡಮ್ಮಾ, ಓಟ ನೋಡು!" ಎಂದವರೇ ಹಾಳೆಯನ್ನು ದೊಡ್ಡವರ ಕೋಣೆಗೆ ಒಯ್ದು ಗಟ್ಟಿಯಾಗಿ ಓದಿ ತೋರಿಸಿದರು. ಒಳಗಿನಿಂದ ದೊಡ್ಡವರ ದನಿ ಕೇಳಿಸಿತು: "ಭಲೇ! ನೋಡಿ ಹುಡುಗಿ ಎಷ್ಟು ಜಾಗರೂಕತೆ!" ನನ್ನ ತಪ್ಪೊಪ್ಪಿಗೆಗೆ ನನಗೇ ಎರಡನೇ ಸಲ ಶಭಾಸ್ ಸಿಕ್ಕಿತು.

ಬುಧವಾರ ರೇಡಿಯೋ ಅಕ್ಕನ ಮೇಜಿನ ಬಳಿ ಹೋಗಿ ನಿಂತೆ. ಅವಳು ತಲೆ ಎತ್ತದೆ ಬೆಸುಗೆ ಹಾಕುತ್ತಿದ್ದಳು.

"ಅಲ್ಲಿ ನಿಂತು ನನ್ನ ಬೆಳಕಿಗೆ ಅಡ್ಡ ಆಗ್ತಿದೀಯಾ, ಇಲ್ಲ ಏನಾದ್ರೂ ಹೇಳೋದಿದ್ಯಾ?"

"ಅಕ್ಕ, ಮೇಲಿನ ಜಾಗ ಇನ್ನೊಂದ್ಸಲ ಅಳೆದ್ರೆ ಒಳ್ಳೇದಲ್ವಾ?"

"ಯಾಕೆ?"

"ಸುಮ್ನೆ..."

"ಸುಮ್ನೆಗೆಲ್ಲ ಅಳೆಯೋಕೆ ಹೊತ್ತೆಲ್ಲಿದೆ, ನಾಳೆ ಸಹಿ ಕಣೇ. ಕಾರಣ ಇದ್ರೆ ಹೇಳು, ಈಗ್ಲೇ ಇಬ್ರೂ ತಾರಸಿ ಹತ್ತೋಣ. ಕೆಳಗಿನ ಜಾಗಾನೂ ಏನು ಬಿದ್ದು ಹೋಗಿಲ್ಲ, ಒಂಚೂರು ಗಲಾಟೆ ಅಷ್ಟೇ, ನಮ್ಮ ರೇಡಿಯೋ ತಡ್ಕೊಳುತ್ತೆ. ಕಾರಣ ಇದ್ಯಾ?"

ಜೇಬಿನಲ್ಲಿ ಕೈ ಹಾಕಿ ಮುಚ್ಚಳ ಹಿಡಿದುಕೊಂಡೆ. ಇವಳೇ ಕಲಿಸಿದ ಕೆಲಸ, ಇವಳೇ ಬರೆದ ಚೀಟಿ. ಮುಖ ಹೇಗಾಗಬಹುದು ಎಂದು ನೆನೆದೇ ಕಿವಿ ಬಿಸಿಯಾಯಿತು.

"ಇಲ್ದಿದ್ರೆ ಹೋಗಿ ಚಹಾ ಕುಡಿ. ಮುಖ ನೋಡು, ಒಗೆದು ಹಿಂಡಿದ ಬಟ್ಟೆ ಆಗಿದೆ."

ಹೋಗಿ ಚಹಾ ಕುಡಿದೆ. ಅದನ್ನಂತೂ ಚೆನ್ನಾಗಿ ಮಾಡಿದೆ.

ಗುರುವಾರ ಬೆಳಗ್ಗೆ ಎಲ್ಲರೂ ಉದ್ದ ಮೇಜಿನ ಸುತ್ತ ಸೇರಿದೆವು. ದೊಡ್ಡವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬೆಲೆಯ ಚೀಟಿ ಇನ್ನೂ ತೋಳಿನಲ್ಲಿ ನೇತಾಡುತ್ತಿತ್ತು, ಯಾರೂ ಹೇಳಲಿಲ್ಲ. ಮೇಷ್ಟ್ರು ಅರ್ಜಿಯ ಕಟ್ಟನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ರೇಡಿಯೋ ಅಕ್ಕ ಸ್ಯಾಟಲೈಟಿನ ರೇಡಿಯೋದ ಮಾದರಿಯೊಂದನ್ನು ಪುಟ್ಟ ಸ್ಪೀಕರಿನ ಸಮೇತ ತಂದು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು.

"ಕೇಳಿ. ಮೇಲೆ ಹೋದ್ಮೇಲೆ ಹೀಗೇ ಮಾತಾಡೋದು."

"ಎಲ್ಲಿ ಮಾತಾಡ್ತಿದೆ? ನಂಗೇನೂ ಕೇಳಿಸ್ತಿಲ್ಲ" ಎಂದರು ದೊಡ್ಡವರು ಕಿವಿ ಬಗ್ಗಿಸಿ.

"ಫ್ಯಾನ್ ಸದ್ದು ಸರ್."

"ಅಯ್ಯೋ, ಇದೂ ಪಿಸು ಜಾತೀದೇನಾ? ಹಾಗಾದ್ರೆ ಇವರಿಬ್ರೇ ಮಾತಾಡ್ಕೊಳ್ಳಿ, ನಾವು ಮನೆಗೆ ಹೋಗೋಣ!"

ನಗು ಎದ್ದಿತು. ಫ್ಯಾನು, ನಗು, ಕುರ್ಚಿ ಎಳೆದ ಸದ್ದು, ಕೆಳಗೆ ಯಾರೋ ಗೋಡೆಯ ಅಕ್ಷರ ಓದುತ್ತಿದ್ದ ಸದ್ದು. ಎಲ್ಲದರ ಅಡಿಯಲ್ಲಿ ಟಿಕ್, ಟಿಕ್, ಟಿಕ್ ಎನ್ನುತ್ತಿತ್ತು ಅದು. ತನ್ನ ಬ್ಯಾಟರಿ ಎಷ್ಟಿದೆ, ಮೈ ಎಷ್ಟು ಬಿಸಿಯಿದೆ ಎಂದು ಬೇಸರವಿಲ್ಲದೆ ಹೇಳುತ್ತಲೇ ಇತ್ತು. ನನಗೆ ಕೇಳಿಸುತ್ತಿತ್ತು.

ಮೇಷ್ಟ್ರು ಕೊನೆಯ ಹಾಳೆ ಬಿಡಿಸಿ ಸಹಿಯ ಜಾಗಕ್ಕೆ ಬೆರಳಿಟ್ಟರು. ದೊಡ್ಡವರು ಪೆನ್ನಿನ ಮುಚ್ಚಳ ತೆಗೆದರು.

"ಸರ್, ಕೇಬಲ್..." ಎಂದೆ.

"ಪಿಸು ಏನೋ ಅಂದ್ಲು. ಮೇಷ್ಟ್ರೇ, 'ಒಪ್ಪಿಗೆ ಇದೆ' ಅಂತ ಬರ್ಕೊಳ್ಳಿ."

ಮೇಷ್ಟ್ರು ನಿಜಕ್ಕೂ ಬರೆದುಕೊಂಡರು. ಪೆನ್ನು ಕಾಗದಕ್ಕೆ ಇಳಿಯುತ್ತಿತ್ತು. ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಮೇಜಿನ ಮೇಲೆ ಬಾಗಿ ಕೈ ಚಾಚಿ, ಸಹಿ ಬೀಳಬೇಕಾದ ಚೌಕದ ಮೇಲೆ ಹಳದಿ ಮುಚ್ಚಳ ಇಟ್ಟೆ.

"ಇದೇನಮ್ಮಾ?" ದೊಡ್ಡವರು ಅದನ್ನು ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದರು. "ಸಹಿಗೆ ಉಡುಗೊರೆನಾ? ಉಂಗುರ ಆಗೋಕೆ ಸ್ವಲ್ಪ ಸಣ್ಣದಾಯ್ತು."

ಯಾರೋ ಕಿಸಕ್ಕೆಂದರು. ರೇಡಿಯೋ ಅಕ್ಕ ನಗಲಿಲ್ಲ. ಮುಚ್ಚಳ ನೋಡಿದಳು, ತಾರಸಿಯ ಮೆಟ್ಟಿಲ ಕಡೆ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಒಂದು ಮಾತಲ್ಲಿ ಅವಳೇ ಹೇಳಿ ಮುಗಿಸಬಹುದಿತ್ತು. ನಾನು ತಲೆ ಆಡಿಸಿದ್ದರೆ ಸಾಕಿತ್ತು. ಅವಳು ಕೈ ಚಾಚಿ ಫ್ಯಾನಿನ ಸ್ವಿಚ್ ಆರಿಸಿ, ಕೈ ಕಟ್ಟಿ ಕೂತಳು.

"ಹೇಳು" ಎಂದಳು.

ಫ್ಯಾನು ನಿಧಾನವಾಗಿ ನಿಂತಿತು. ಕೋಣೆಯಲ್ಲಿ ಈಗ ಟಿಕ್, ಟಿಕ್ ಎಲ್ಲರಿಗೂ ಕೇಳಿಸುತ್ತಿತ್ತು.

"ಆ ನಾಲ್ಕು ದಿನ ಆಂಟೆನಾ ಕೇಬಲ್ ಹಾಕಿರ್ಲಿಲ್ಲ ಸರ್" ಎಂದೆ. ನನ್ನ ದನಿ ಎಷ್ಟು ಜೋರಿತ್ತೆಂದರೆ ಕೆಳಗೆ ಅಕ್ಷರ ಓದುತ್ತಿದ್ದವರು ಓದು ನಿಲ್ಲಿಸಿದರು. "ನಾನೇ ಬಿಚ್ಚಿದ್ದು, ನಾನೇ ಮರ್ತಿದ್ದು. ನಾನೂರ ಒಂದೂವರೆಯಲ್ಲಿ ನಿಶ್ಶಬ್ದ ಇಲ್ಲ. ಅಲ್ಲಿ ನಮ್ಮ ಮಾವ ಇದಾನೆ."